ತಂತಿಗೆ ಮುಖ ಬಂದ ಸಂಜೆ

ಊಟಿಯ ಪೇಟೆಯಲ್ಲಿ ಈಗ ಯಾರಾದರೂ ಸುದ್ದಿ ತಂದರೆ ಕೇಳಿದವರು ಮೊದಲು ಆಡುವ ಮಾತು, 'ಮುಖ ಗೊತ್ತೇ?' ಆಲೂಗೆಡ್ಡೆಯ ಬೆಲೆ ಇಳಿಯಿತಂತೆ ಎಂದರೂ ಇದೇ ಪ್ರಶ್ನೆ, ಕಲ್ಲಟ್ಟಿ ರಸ್ತೆಯಲ್ಲಿ ಆನೆ ನಿಂತಿದೆಯಂತೆ ಎಂದರೂ ಇದೇ ಪ್ರಶ್ನೆ. ಹೇಳಿದವನನ್ನು ನೀನು ಬಲ್ಲೆಯಾ ಎಂಬುದು ಅದರ ಅರ್ಥ. ಕಳೆದ ತಿಂಗಳು ದೇವಾಲದ ತೋಟದಿಂದ ಬಂದಿದ್ದ ಮಲಯಾಳಿ ಹೆಂಗಸೊಬ್ಬಳು ನಮ್ಮ ಅಂಗಡಿಯಲ್ಲಿ ಚಿಮಣಿ ಕೊಳ್ಳುತ್ತ ತನ್ನ ಭಾಷೆಯಲ್ಲಿ ಇದನ್ನೇ ಕೇಳಿದಾಗ ನನಗೆ ಕುಣಿಯುವಂತಾಯಿತು. ಆಕೆಗೆ ಈ ಮಾತು ಎಲ್ಲಿಯದು ಎಂದು ಗೊತ್ತಿರಲಿಲ್ಲ. ನನಗೆ ಗೊತ್ತು. ಅದು ಹುಟ್ಟಿದ ಸಂಜೆ ನಾನು ಅಲ್ಲೇ ಇದ್ದೆ.

ನಮ್ಮದು ದೀಪದ ಅಂಗಡಿ. ಲಾಟೀನು, ಬತ್ತಿ, ಗಾಜಿನ ಚಿಮಣಿ, ಸೀಮೆಎಣ್ಣೆ. ಅಬ್ಬಾ ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ. ಕನ್ನಡ ಶಾಲೆಯಲ್ಲಿ ಓದಿ, ಘಟ್ಟ ಹತ್ತಿ ಬಂದ ಮೇಲೂ ಬರವಣಿಗೆಗೆ ಕನ್ನಡವನ್ನೇ ಇಟ್ಟುಕೊಂಡರು. ಮನೆಯೊಳಗೆ ನಾವು ಆಡುವುದು ದಖನಿ ಉರ್ದು, ಪೇಟೆಯಲ್ಲಿ ತಮಿಳು, ಆಲೂಗೆಡ್ಡೆ ತರುವ ಬಡಗರ ಜೊತೆ ಅವರ ಮಾತಿಗೆ ಹತ್ತಿರವಾದ ಒಂದು ಕನ್ನಡ. ನನ್ನ ದಿನಚರಿ ಮಾತ್ರ ಅಬ್ಬಾ ಕಲಿಸಿದ ಅಕ್ಷರಗಳಲ್ಲಿ. ಅದರಲ್ಲಿ ಪ್ರತಿದಿನಕ್ಕೂ ಮೂರು ಅಂಕಣ: ಸೂರ್ಯ ಮುಳುಗಿದ ಜಾಗ, ಆಕಾಶದ ಸ್ಥಿತಿ, ಮನೆಗೆ ಬಂದವರು. ಆಕಾಶಕ್ಕೆ ನಾನು ಬಳಸುವುದು ಮೂರೇ ಪದ, ಮೋಡ, ಅರೆ, ಬಯಲು. ಮುಳುಗುವ ಜಾಗಕ್ಕಂತೂ ಪಡುವಣ ಕಿಟಕಿಯ ಚೌಕಟ್ಟಿನಲ್ಲಿ ಇದ್ದಿಲಿನ ಗೆರೆಗಳೇ ಇದ್ದವು. ಅಮ್ಮಿ ಪ್ರತಿ ಹಬ್ಬಕ್ಕೂ ಅವನ್ನು ಒರೆಸುತ್ತಿದ್ದಳು, ನಾನು ಮತ್ತೆ ಎಳೆಯುತ್ತಿದ್ದೆ.

ನನಗೆ ಹತ್ತು ವರ್ಷವಾಗಿದ್ದಾಗ ಅಂಗಡಿಯ ಮೇಲಿನ ಕೋಣೆಗೆ ಒಬ್ಬರು ಬಾಡಿಗೆಗೆ ಬಂದರು. ಎದೆಯ ಕಾಯಿಲೆಯವರು, ಬಯಲುಸೀಮೆಯ ಧೂಳು ಬಿಟ್ಟು ಬೆಟ್ಟದಲ್ಲಿರಿ ಎಂದು ವೈದ್ಯರು ಹೇಳಿದ್ದರಂತೆ. ತೆಳ್ಳಗಿನ ಮನುಷ್ಯ, ಉಣ್ಣೆಯ ಟೋಪಿ, ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಗುವುದನ್ನು ಬಿಡುತ್ತಿರಲಿಲ್ಲ. ಎಲ್ಲರೂ ಅವರನ್ನು ಹಜ್ರತ್ ಎನ್ನುತ್ತಿದ್ದರು. ಅವರು ಬರೆದ ಚಿಕ್ಕ ಚಿಕ್ಕ ಪುಸ್ತಕಗಳು ಅವರಿಗಿಂತ ಮೊದಲೇ ಬೆಟ್ಟ ಹತ್ತಿದ್ದವು. ಮಸೀದಿಯ ಕೊಳದ ನೀರು ಕೊಳೆತರೆ ಅದನ್ನು ಬದಲಿಸುವುದೂ ಧರ್ಮವೇ ಎಂದು ಒಂದರಲ್ಲಿ ಬರೆದಿದ್ದರು. ಹೆಣ್ಣುಮಕ್ಕಳಿಗೆ ಓದು ಬೇಡ ಎನ್ನುವವನು ತನ್ನ ಮಾತಿಗೆ ಆಧಾರ ತೋರಿಸಲಿ ಎಂದು ಇನ್ನೊಂದರಲ್ಲಿ. ನಾನು ಮಿಷನ್ ಶಾಲೆಗೆ ಹೋಗಿ ಇಂಗ್ಲಿಷು ಕಲಿತದ್ದು ಆ ಎರಡನೆಯ ಪುಸ್ತಕದ ಬಲದಿಂದ. ಪೇಟೆಯ ಹಿರಿಯರು ಬಂದು ಅಬ್ಬಾನನ್ನು ಪ್ರಶ್ನಿಸಿದಾಗಲೆಲ್ಲ ಅಬ್ಬಾ ಏನೂ ವಾದಿಸದೆ ಆ ಪುಸ್ತಕವನ್ನು ಎತ್ತಿ ಕೊಡುತ್ತಿದ್ದರು.

ಆದರೆ ಅವರನ್ನು ಎಲ್ಲೆಡೆ ಪ್ರಸಿದ್ಧರನ್ನಾಗಿಸಿದ್ದು ಮೂರನೆಯದು. ಅದರ ತಿರುಳು ಒಂದು ಸಾಲು: ತಂತಿಗೆ ಮುಖವಿಲ್ಲ. ಉಪವಾಸದ ತಿಂಗಳು ಮುಗಿದು ಹಬ್ಬ ಬರಬೇಕಾದರೆ ಅಮಾವಾಸ್ಯೆಯ ನಂತರದ ಎಳೆ ಚಂದ್ರ ಕಾಣಬೇಕು. ಇಪ್ಪತ್ತೊಂಬತ್ತನೆಯ ಸಂಜೆ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಬೇರೆ ಊರಿನಲ್ಲಿ ಕಂಡಿತೆಂದು ತಂತಿ ಬಂದರೆ ಒಪ್ಪಬಹುದೇ? ಅವರ ಊರಿನಲ್ಲಿ ಒಮ್ಮೆ ಜವಳಿ ವ್ಯಾಪಾರಿಯೊಬ್ಬ, ಬಟ್ಟೆ ಬೇಗ ಖರ್ಚಾಗಲೆಂದು ಸುಳ್ಳು ತಂತಿ ಕೊಡಿಸಿದ್ದನಂತೆ. ಊರೆಲ್ಲ ಒಂದು ದಿನ ಮೊದಲೇ ಉಪವಾಸ ಬಿಟ್ಟಿತ್ತು. ಆ ಕೋಪದಲ್ಲಿ ಹಜ್ರತ್ ಬರೆದರು: ಸಾಕ್ಷಿ ಹೇಳುವವನು ಎದುರಿಗೆ ನಿಲ್ಲಬೇಕು, ಅವನ ಮುಖ ನಮಗೆ ಕಾಣಬೇಕು, ತಂತಿಗೆ ಮುಖವಿಲ್ಲ. ಬೆಟ್ಟದಲ್ಲೂ ಕೆಳಗಿನ ಊರುಗಳಲ್ಲೂ ಮಸೀದಿಗಳು ಈ ಸಾಲನ್ನು ಹಿಡಿದುಕೊಂಡವು. ಅದನ್ನು ಒಪ್ಪದೆ ವಾದಿಸಿದವನು ಒಬ್ಬನೇ, ಅವರ ಪುಸ್ತಕಗಳನ್ನು ತಮಿಳಿಗೆ ತರುತ್ತಿದ್ದ ಅವರದೇ ಶಿಷ್ಯ. ಪರಿಚಯದ ಕೈಬರಹದ ಕಾಗದವನ್ನು ಒಪ್ಪುತ್ತೀರಿ, ಪರಿಚಯದವನ ತಂತಿ ಯಾಕೆ ಬೇಡ ಎಂದು ಅವನು ಕೇಳಿದನಂತೆ. ಮಾತು ಬಿಸಿಯಾಗಿ ಶಿಷ್ಯ ಮೇಟ್ಟುಪಾಳಯಕ್ಕೆ ಹೋಗಿ ಮರದ ಡಿಪೋದಲ್ಲಿ ಗುಮಾಸ್ತನಾದ. ಬೆಟ್ಟದ ರೈಲು ಹೊರಡುವುದೇ ಅವನ ಮನೆಯ ಪಕ್ಕದಿಂದ, ಆದರೂ ಅವನು ಒಮ್ಮೆಯೂ ಮೇಲೆ ಬರಲಿಲ್ಲ. ಹಜ್ರತ್ ಕೂಡ ಕರೆಯಲಿಲ್ಲ. ಅವನ ವಿಷಯ ಬಂದಾಗ ಮಾತ್ರ ಅವರ ನಗು ನಿಲ್ಲುತ್ತಿತ್ತು.

ಆಗ ಹಬ್ಬ ಮೇ ತಿಂಗಳ ಸುತ್ತಮುತ್ತ ಬರುತ್ತಿತ್ತು. ಮೇ ಎಂದರೆ ಊಟಿಯಲ್ಲಿ ಸೀಸನ್ನು. ದೊರೆಗಳು, ಕುದುರೆಗಳು, ಪೇಟೆ ತುಂಬ ವ್ಯಾಪಾರ. ಜೊತೆಗೆ ಸಂಜೆಯಾದರೆ ಮಂಜು. ನನ್ನ ಆಕಾಶದ ಅಂಕಣದಲ್ಲಿ ಆ ತಿಂಗಳ ಸಂಜೆಗಳೆಲ್ಲ ಮೋಡ, ಮೋಡ, ಅರೆ, ಮೋಡ. ಒಂದು ವರ್ಷ ಮಂಜಿನಲ್ಲಿ ನಮಗೆ ಯಾರಿಗೂ ಏನೂ ಕಾಣಲಿಲ್ಲ; ಮರುದಿನ ಮಧ್ಯಾಹ್ನ ಮಸಿನಗುಡಿಯಿಂದ ಇಬ್ಬರು ಗಾಡಿಯವರು ಘಟ್ಟ ಹತ್ತಿ ಬಂದು ತಾವು ನಿನ್ನೆಯೇ ಕಂಡೆವು ಎಂದರು. ಪೇಟೆ ನಂಬಿದವರು, ನಂಬದವರು ಎಂದು ಎರಡಾಯಿತು. ನಮ್ಮ ಬೀದಿಯ ಅಣ್ಣತಮ್ಮಂದಿರಲ್ಲಿ ತಮ್ಮ ಪಾಯಸ ಕುಡಿದ, ಅಣ್ಣ ಸಂಜೆಯವರೆಗೂ ಉಗುಳು ನುಂಗದೆ ಕೂತ. ಮಾರನೆಯ ದಿನ ಆಲೂಗೆಡ್ಡೆ ತಂದ ಬಡಗ ರೈತರು ನಗುತ್ತ, ನಿಮ್ಮ ಪೇಟೆಗೆ ಎರಡು ಚಂದ್ರ ಮಂಜೂರಾಗಿದೆಯೋ ಎಂದು ಅಬ್ಬಾನನ್ನು ಕೇಳಿದರು. ಅಬ್ಬಾ ನಕ್ಕರು. ಮಹಡಿಯ ಮೇಲೆ ಕೇಳಿಸಿಕೊಂಡ ಹಜ್ರತ್ ನಗಲಿಲ್ಲ.

ಅಂದಿನಿಂದ ಅವರು ನನ್ನ ಕಿಟಕಿಯ ಗೆರೆಗಳನ್ನು ಬಂದು ನೋಡತೊಡಗಿದರು. ಯಾವ ತಿಂಗಳಲ್ಲಿ ಎಷ್ಟು ಸಂಜೆ ಮೋಡ, ಯಾವಾಗ ಗಾಳಿ ತಿರುಗುತ್ತದೆ, ಎಲ್ಲಿ ನಿಂತರೆ ಪಡುವಣ ತಗ್ಗು ಕಾಣುತ್ತದೆ ಎಂದು ಕೇಳುವರು. ಒಂದು ದಿನ, ಗೆರೆಗಳ ಮೇಲೆ ಬೆರಳಿಟ್ಟುಕೊಂಡೇ, "ಆ ಪುಸ್ತಕವನ್ನು ನಾನು ಬಯಲುಸೀಮೆಯಲ್ಲಿ ಕೂತು ಬರೆದೆ, ಬೇಟಿ. ಅದರಲ್ಲಿ ಮಂಜೇ ಇಲ್ಲ," ಎಂದರು. ನನಗೆ ಅದರ ತೂಕ ಆಗ ತಿಳಿಯಲಿಲ್ಲ. ದೊಡ್ಡವರೊಬ್ಬರು ತಮ್ಮ ಪುಸ್ತಕದಲ್ಲಿ ಏನೋ ಇಲ್ಲವೆಂದು ನನಗೆ ಹೇಳಿದರಲ್ಲ ಎಂಬ ಹಿಗ್ಗು ಮಾತ್ರ ಇತ್ತು.

ಮುಂದಿನ ವರ್ಷ ನನಗೆ ಹದಿನೈದು. ಇಪ್ಪತ್ತೊಂಬತ್ತನೆಯ ಸಂಜೆ ಮಸೀದಿಯ ಅಂಗಳದಲ್ಲಿ ಪೇಟೆಯ ಗಂಡಸರು ಸೇರಿದ್ದರು. ಈ ಬಾರಿಯೂ ಪೇಟೆ ಒಡೆದರೆ ತಾನು ಬೆಟ್ಟ ಬಿಟ್ಟು ಹೋಗುತ್ತೇನೆ ಎಂದು ಹಜ್ರತ್ ಅಬ್ಬಾನ ಹತ್ತಿರ ಹೇಳಿದ್ದರು. ಬಿಟ್ಟರೆ ಆ ಎದೆ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಅಬ್ಬಾನ ತಾಯಿ, ನನ್ನ ದಾದಿ, ಬೆಳಗಿನಿಂದ ಪ್ರತಿ ನಮಾಜಿನಲ್ಲೂ ಬಯಲು ಆಕಾಶ ಕೇಳುತ್ತಿದ್ದಳು. ಸಿಕ್ಕಿದ್ದು ಹತ್ತಿಯಂಥ ಮಂಜು. ಅಂಗಳದಲ್ಲಿ ಪಕ್ಕದವನ ಟೋಪಿ ಕೂಡ ಕಾಣುತ್ತಿರಲಿಲ್ಲವಂತೆ.

ನಮ್ಮ ಮನೆಯ ಹಿಂಬದಿ ಇಳಿಜಾರಿನಲ್ಲಿ ಸ್ವಲ್ಪ ಎತ್ತರ. ಉಪವಾಸ ಬಿಟ್ಟ ತಕ್ಷಣ ನಾನು ಹಿಂದಿನ ಮೆಟ್ಟಿಲ ಮೇಲೆ ಹೋಗಿ, ಹಿಂದಿನ ಸಂಜೆ ಸೂರ್ಯ ಮುಳುಗಿದ್ದ ನೀಲಗಿರಿ ಮರದ ಕಡೆ ಕಣ್ಣಿಟ್ಟು ನಿಂತೆ. ದಾದಿ ಬಂದು ನನ್ನ ಹೆಗಲು ಹಿಡಿದಳು. ಅಬ್ಬಾ ಉಪವಾಸ ಬಿಡಲು ಮಾಡಿದ ನೋಂಬಿನ ಗಂಜಿಯ ಬಟ್ಟಲು ಹಿಡಿದುಕೊಂಡೇ ಬಂದರು. ಗಾಳಿ ಒಮ್ಮೆ ತಿರುಗಿತು. ಮಂಜು ಪರದೆಯ ಹಾಗೆ ಪಕ್ಕಕ್ಕೆ ಸರಿದು, ಮರದ ತುದಿಯ ಎಡಕ್ಕೆ ಒಂದು ಗೇಣು ಆಕಾಶ ತೆರೆದುಕೊಂಡಿತು. ಅದರೊಳಗೆ ಅದು. ಉಗುರು ಕತ್ತರಿಸಿ ಬಿಸಾಡಿದಷ್ಟು ತೆಳು, ದೋಣಿಯ ಹಾಗೆ ಮಲಗಿತ್ತು. ದಾದಿಯ ಬೆರಳುಗಳು ನನ್ನ ಹೆಗಲಿಗೆ ನಾಟಿದವು. ಅವಳಿಗೂ ಕಂಡಿತ್ತು.

ಅಬ್ಬಾ ಎಲ್ಲಿ, ಎಲ್ಲಿ ಎನ್ನುತ್ತಿದ್ದರು. ಗಂಜಿಯ ಹಬೆ ಅವರ ಕನ್ನಡಕವನ್ನು ಬೆಳ್ಳಗೆ ಮುಚ್ಚಿಬಿಟ್ಟಿತ್ತು. ಬಟ್ಟಲು ಕೆಳಗಿಟ್ಟು, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಪರದೆ ಬಿದ್ದಾಗಿತ್ತು.

ದಾದಿ ಬುರ್ಖಾ ಹಾಕಿಕೊಂಡು ಮುಂದೆ, ನಾನು ಓಢಣಿ ಎಳೆದುಕೊಂಡು ಹಿಂದೆ, ಅಬ್ಬಾ ತಪ್ಪು ಮಾಡಿದ ಮಗುವಿನ ಹಾಗೆ ಕೊನೆಯಲ್ಲಿ, ಮೂವರೂ ಮಸೀದಿಯ ಪಕ್ಕದ ಜಗಲಿಗೆ ಓಡಿದೆವು. ಗಂಡಸರು ಇನ್ನೊಂದು ಉಪವಾಸವೆಂದು ತೀರ್ಮಾನಿಸಿ ಏಳುತ್ತಿದ್ದರು. ದಾದಿ ಸುದ್ದಿ ಹೇಳಿದಳು. ಕುದುರೆಗಳಿಗೆ ಹುರುಳಿ, ಹುಲ್ಲು ಒದಗಿಸುವ ದೊಡ್ಡ ವ್ಯಾಪಾರಿಯೊಬ್ಬರು, ಪೇಟೆಯೆಲ್ಲ ಹಿರಿಯರು ಎಂದೇ ಕರೆಯುವವರು, ಮುಂದೆ ಬಂದರು. ನನ್ನನ್ನು ಶಾಲೆಗೆ ಕಳಿಸಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ಅವರೇ. ಕೊಂಬು ಯಾವ ಕಡೆ ಇತ್ತು, ಎಷ್ಟು ಹೊತ್ತು ಕಂಡಿತು, ಮರದ ಎಡಕ್ಕೋ ಬಲಕ್ಕೋ ಎಂದು ಒಂದೊಂದಾಗಿ ಕೇಳಿದರು. ನಾನು ಹೇಳಿದೆ. ದಾದಿಯನ್ನು ಪಕ್ಕಕ್ಕೆ ಕರೆದು ಅದನ್ನೇ ಕೇಳಿದರು. ಎರಡೂ ಹೊಂದಿದವು. ಹಿರಿಯರು ಗಡ್ಡ ನೀವಿಕೊಂಡು ಹಜ್ರತ್ ಕಡೆ ತಿರುಗಿದರು.

ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಮೋಡವಿರುವಾಗ ಹಬ್ಬದ ಚಂದ್ರನಿಗೆ ಇಬ್ಬರು ಗಂಡಸರು ಸಾಕ್ಷಿ ಹೇಳಬೇಕು, ಇಲ್ಲವೇ ಒಬ್ಬ ಗಂಡಸು ಮತ್ತು ಇಬ್ಬರು ಹೆಂಗಸರು. ಹೆಂಗಸರು ಇಬ್ಬರೂ ಇದ್ದೆವು. ಗಂಡಸು ಕನ್ನಡಕ ಒರೆಸುತ್ತಿದ್ದ.

ಹಜ್ರತ್ ನಮ್ಮನ್ನು ನಂಬುತ್ತೇನೆ ಎಂದರು; ಆದರೆ ತಾನು ನಂಬುವುದು ಬೇರೆ, ಊರಿಗೆ ಸಾರುವುದು ಬೇರೆ ಎಂದರು. ನಾನು ಕಂಡದ್ದನ್ನು ಕಂಡೆ. ಅದು ಈಗ ಎಲ್ಲಿಗೆ ಹೋಗಬೇಕು? ದಾದಿ ಬುರ್ಖಾದೊಳಗಿಂದಲೇ ಹೇಳಿದಳು, "ನನ್ನದು ಅರ್ಧ ಕಣ್ಣು, ಇವಳದು ಅರ್ಧ ಕಣ್ಣು ಎಂದೇ ಇಟ್ಟುಕೊಳ್ಳಿ. ಕಂಡದ್ದು ಮಾತ್ರ ಪೂರ್ತಿ ಚಂದ್ರ, ಹಜ್ರತ್." ಯಾರೋ ನಕ್ಕರು. ಹಜ್ರತ್ ತಲೆ ತಗ್ಗಿಸಿದರು.

ಆ ಹೊತ್ತಿಗೇ ತಂತಿಯ ಪೇದೆ ಲಾಟೀನು ಬೀಸುತ್ತ ಬಂದ. ಹಜ್ರತ್ ಹೆಸರಿಗೆ, ಮೇಟ್ಟುಪಾಳಯದಿಂದ. ಇಂಗ್ಲಿಷು ಓದುವವರು ಅಲ್ಲಿ ಯಾರೂ ಮುಂದೆ ಬರಲಿಲ್ಲ. ಹಜ್ರತ್ ಅದನ್ನು ನನ್ನ ಕೈಗೆ ಕೊಟ್ಟರು. ಹಿರಿಯರು ಮುಖ ತಿರುಗಿಸಿಕೊಂಡರು, ಆದರೆ ಕಿವಿ ಇತ್ತಲೇ ಇತ್ತು. ನಾನು ಲಾಟೀನಿನ ಬೆಳಕಿಗೆ ಹಿಡಿದು ಓದಿ, ದಖನಿಯಲ್ಲಿ ಹೇಳಿದೆ: "ಚಂದ್ರನನ್ನು ನಾನೇ ಕಂಡೆ. ನನ್ನ ಮುಖ ನಿಮಗೆ ಗೊತ್ತು."

ಕೆಳಗೆ ಶಿಷ್ಯನ ಹೆಸರು.

ಇನ್ನೊಮ್ಮೆ ಓದು ಎಂದರು ಹಜ್ರತ್. ಓದಿದೆ. ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ತಮಗೆ ಓದಲು ಬಾರದ ಆ ಅಕ್ಷರಗಳನ್ನೇ ನೋಡುತ್ತ ಕುಳಿತರು. ಒಬ್ಬ ಗಂಡಸು, ಇಬ್ಬರು ಹೆಂಗಸರು. ಲೆಕ್ಕ ಕೂಡಿಬಂದಿತ್ತು. ಆದರೆ ಆ ಒಬ್ಬ ಬಂದದ್ದು ತಂತಿಯ ಮೇಲೆ. ಅವನನ್ನು ಒಪ್ಪಬೇಕಾದರೆ, ಊರೂರು ಒಪ್ಪಿಕೊಂಡ ತಮ್ಮ ಸಾಲನ್ನು ಇವರು ಎಲ್ಲರ ಮುಂದೆ ಹಿಂದೆಗೆದುಕೊಳ್ಳಬೇಕು. ಒಪ್ಪದಿದ್ದರೆ ನಾನೂ ದಾದಿಯೂ ಏನೂ ಕಾಣಲಿಲ್ಲ ಎಂದೇ ಆಗುತ್ತಿತ್ತು.

ಹಿರಿಯರಿಗೂ ಅದು ಹೊಳೆದಿತ್ತು. "ತಂತಿಗೆ ಯಾವಾಗಿನಿಂದ ಮುಖ ಬಂತು, ಹಜ್ರತ್? ಗಡ್ಡವೂ ಬಂದಿದೆಯೋ ನೋಡಿ," ಎಂದರು.

ಈ ಬಾರಿ ನಗು ಜೋರಾಗಿಯೇ ಎದ್ದಿತು. ಹಜ್ರತ್ ಕೂಡ ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡರು. "ತಂತಿಗೆ ಬಂದಿಲ್ಲ," ಎಂದರು. "ಅವನಿಗೆ ಮೊದಲಿನಿಂದಲೂ ಇತ್ತು. ನೋಡದೆ ಇದ್ದವನು ನಾನು."

ಆಮೇಲೆ ಅವರು ಎದ್ದು ನಿಂತು ಹೇಳಿದ್ದೆಲ್ಲ ನನ್ನ ದಿನಚರಿಯಲ್ಲಿ ಎರಡು ಪುಟ ತುಂಬಿದೆ. ತಾನು ಹೆದರಿದ್ದು ತಂತಿಗಲ್ಲ, ಸುಳ್ಳಿಗೆ. ಸುಳ್ಳು ಹೇಳುವವನು ಎದುರಿಗೆ ನಿಂತೂ ಹೇಳುತ್ತಾನೆ. ಸಾಕ್ಷಿಯ ಬೆಲೆ ಅದು ಬಂದ ದಾರಿಯಲ್ಲಿಲ್ಲ, ಹೇಳಿದವನ ನಡತೆಯಲ್ಲಿದೆ. ತಂತಿ ಕಳಿಸಿದವನನ್ನು ಇಷ್ಟು ವರ್ಷಗಳಿಂದ ಬಲ್ಲೆ, ಅವನು ತನ್ನೊಡನೆ ಜಗಳವಾಡಿದ್ದೇ ಮನಸ್ಸು ಒಪ್ಪದ ಮಾತಿಗೆ ತಲೆಯಾಡಿಸಲಾರದೆ; ಮೆಟ್ಟಿಲ ಮೇಲೆ ನಿಂತವರನ್ನೂ ಬಲ್ಲೆ. ನಾಳೆ ಹಬ್ಬ. ಇದು ತಪ್ಪಾದರೆ ಕೊನೆಯ ತೀರ್ಪಿನ ದಿನ ಅದರ ಹೊಣೆ ತನ್ನೊಬ್ಬನದು ಎಂದು ಅವರು ಮುಗಿಸುವ ಮೊದಲೇ ಯಾರೋ ನಗಾರಿಯ ಹತ್ತಿರ ಓಡಿದ್ದರು.

ಮೊದಲ ಪೆಟ್ಟು ಮಂಜಿನಲ್ಲಿ ಮೆತ್ತಗೆ ಕೇಳಿಸಿತು, ಎರಡನೆಯದಕ್ಕೆ ಪೇಟೆ ಎಚ್ಚೆತ್ತಿತು. ನಾನು ಮನೆಗೆ ನಡೆದು ಹೋದದ್ದು ನೆನಪೇ ಇಲ್ಲ. ಅಮ್ಮಿ ಒಲೆಯ ಮುಂದೆ ಶಾವಿಗೆ ಹುರಿಯಲು ಕೂತಾಗಿತ್ತು. ಒಣ ಖರ್ಜೂರ ನೆನೆಹಾಕಿ, ಬಾದಾಮಿ ಸುಲಿದು, ಮೆಹಂದಿ ಕಲಸಿ, ಯಾವುದನ್ನೂ ಪೂರ್ತಿ ಮಾಡಲಾಗದೆ ಮನೆಯಲ್ಲೆಲ್ಲ ಸುತ್ತಾಡಿದೆ. ಅಬ್ಬಾ ಮಾತ್ರ ಕನ್ನಡಕವನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಮುಂದಿನ ವರ್ಷ ಗಂಜಿ ತಣ್ಣಗಾದ ಮೇಲೆ ಕುಡಿ ಎಂದು ದಾದಿ ಒಂದೇ ಮಾತು ಅಂದಳು.

ಹಿರಿಯರು ಒಪ್ಪಿರಲಿಲ್ಲ. ಬೆಳಗ್ಗೆ ಈದಿನ ನಮಾಜಿಗೆ ಅವರೂ ಅವರ ಕಡೆಯ ಕೆಲವರೂ ಬರಲಿಲ್ಲವೆಂದು ಅಬ್ಬಾ ಹೇಳಿದರು. ಅವರ ಅಂಗಡಿಯನ್ನು ನಾನೇ ನೋಡಿದೆ. ಪೂರ್ತಿ ತೆರೆದಿರಲಿಲ್ಲ, ಪೂರ್ತಿ ಮುಚ್ಚಿಯೂ ಇರಲಿಲ್ಲ. ಬಾಗಿಲ ಹಲಗೆಗಳಲ್ಲಿ ಅರ್ಧ ಹಾಕಿ, ಅರ್ಧ ತೆಗೆದು, ನಡುವೆ ಉಪವಾಸ ಕೂತಿದ್ದರು. ಅಮ್ಮಿ ಎಲ್ಲರ ಮನೆಗೂ ಕಳಿಸಿದ ಹಾಗೆ ಅವರಿಗೂ ಒಂದು ಬಟ್ಟಲು ಪಾಯಸ ಕಳಿಸಿದಳು. ಅವರು ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟುಕೊಂಡರಂತೆ. ಹಿಂದಿರುಗಿಸಲಿಲ್ಲ.

ಮಧ್ಯಾಹ್ನ ಹಜ್ರತ್ ನನ್ನನ್ನು ಮಹಡಿಗೆ ಕರೆದರು. ಬೆಟ್ಟ ಬಿಟ್ಟು ಹೋಗುವ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ. ಹಬ್ಬದ ಬಟ್ಟೆಯಲ್ಲೇ ಅವರು ಹೊಸ ಪುಸ್ತಕ ಶುರುಮಾಡಿಬಿಟ್ಟಿದ್ದರು. ಹಳೆಯದನ್ನು ಎಸೆಯುವುದಿಲ್ಲ, ಅದನ್ನೂ ಮೊದಲ ಪುಟಗಳಲ್ಲಿ ಹಾಗೆಯೇ ಅಚ್ಚು ಹಾಕಿಸಿ ಅದರ ನಂತರ ಇದನ್ನು ಸೇರಿಸುತ್ತೇನೆ, ಮನುಷ್ಯ ಎಲ್ಲಿಂದ ಎಲ್ಲಿಗೆ ಬಂದ ಎಂದು ಓದುವವನಿಗೆ ತಿಳಿಯಲಿ ಎಂದರು. ತಮಿಳಿಗೆ ಶಿಷ್ಯ ಇದ್ದಾನೆ, ಕರೆದಿದ್ದೇನೆ, ನಾಳೆಯ ರೈಲಿಗೆ ಬರುತ್ತಾನೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯವರಿಗೆ ಕನ್ನಡದಲ್ಲಿ ನೀನು ಬರೆ ಎಂದರು. ನನ್ನ ಕೈ ಮೆಹಂದಿಯಿಂದ ಕೆಂಪಾಗಿತ್ತು, ಅದರಲ್ಲೇ ಲೇಖನಿ ಹಿಡಿದೆ.

ಮೊದಲ ಪದದಲ್ಲೇ ಅವರು ನಿಲ್ಲಿಸಿದರು. ಶಹಾದತ್ ಎಂಬುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಸಾಕ್ಷಿ ಎಂದೆ. ಹಾಗೆಂದರೆ? ಅಬ್ಬಾ ಎಂದೋ ಬಿಡಿಸಿ ಹೇಳಿದ್ದು ನೆನಪಾಯಿತು. ಅಕ್ಷಿ ಎಂದರೆ ಕಣ್ಣು, ಕಣ್ಣಾರೆ ಕಂಡವರು ಸಾಕ್ಷಿ. ಹಜ್ರತ್ ಲೇಖನಿಯನ್ನು ಕೆಳಗಿಟ್ಟರು. "ನಮ್ಮ ಪದಕ್ಕೆ ಮೂಲ ಹಾಜರಿರುವುದು, ನಿಮ್ಮ ಪದಕ್ಕೆ ಕಣ್ಣು," ಎಂದು ತಮಗೆ ತಾವೇ ಎರಡು ಸಲ ಹೇಳಿಕೊಂಡರು. ಮತ್ತೆ ಕೇಳಿದರು, ಆ ಪದ ಗಂಡೋ ಹೆಣ್ಣೋ? ಕನ್ನಡದಲ್ಲಿ ಎರಡಕ್ಕೂ ಅದೇ ಎಂದೆ. ಅವರು ಉರ್ದು ಪುಟದ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಆ ಗುರುತು ಬೆಳೆದು ಬೆಳೆದು, ವರ್ಷಗಳ ನಂತರ ಬಂದ ಅವರ ದೊಡ್ಡ ಪುಸ್ತಕದಲ್ಲಿ ಹೆಂಗಸರ ಸಾಕ್ಷಿಯ ಬಗ್ಗೆ ಒಂದು ಅಧ್ಯಾಯವೇ ಆಯಿತು. ಅದಕ್ಕಾಗಿ ಅವರನ್ನು ಬೈದವರು ಬಹಳ. ಕೆಲವು ಮಸೀದಿಗಳು ಅವರ ಪುಸ್ತಕಗಳನ್ನೆಲ್ಲ ಒಟ್ಟು ಕಟ್ಟಿ ಹಿಂದಕ್ಕೆ ಕಳಿಸಿದವು. ಕೂನೂರು, ಗೂಡಲೂರುಗಳ ಮಸೀದಿಗಳು ಇಟ್ಟುಕೊಂಡವು. ಶಿಷ್ಯ ತಮಿಳಿಗೆ ತಂದ ಮೇಲಂತೂ ಕೆಳಗಿನ ಊರುಗಳಿಂದ ಅವರನ್ನು ಕಾಣಲು ರೈಲಿನಲ್ಲಿ ಜನ ಬರತೊಡಗಿದರು. ಅದೆಲ್ಲ ಆಮೇಲಿನದು.

ಹಬ್ಬದ ಸಂಜೆ ನಾನು ಎಂದಿನಂತೆ ಮೆಟ್ಟಿಲ ಮೇಲೆ ನಿಂತೆ. ಮಧ್ಯಾಹ್ನವೇ ಒಂದು ಮಳೆ ಬಂದು ಹೋಗಿತ್ತು. ಆಕಾಶ ತೊಳೆದಿಟ್ಟ ಚಿಮಣಿಯ ಹಾಗೆ ಇತ್ತು. ಬಯಲು ಎಂದು ಬರೆಯಲು ಎಷ್ಟೋ ದಿನಗಳ ಮೇಲೆ ಸಿಕ್ಕ ಸಂಜೆ. ಸೂರ್ಯ ಇನ್ನೇನು ಮುಳುಗುವ ಹೊತ್ತಿಗೇ ಮರದ ಮೇಲ್ಗಡೆ, ಯಾರಿಗಾದರೂ ಕಾಣುವಷ್ಟು ಎತ್ತರದಲ್ಲಿ, ಯಾರಿಗಾದರೂ ಕಾಣುವಷ್ಟು ದಪ್ಪಗೆ ಚಂದ್ರ ನಿಂತಿತ್ತು.

ಹಿಂಬದಿಯ ಓಣಿಯಲ್ಲಿ ಕೋಲಿನ ಸದ್ದಾಯಿತು. ಹಿರಿಯರು. ಕೈಯಲ್ಲಿ ನಮ್ಮ ಬಟ್ಟಲು, ಮೇಲೆ ಮುಚ್ಚಿದ ತಟ್ಟೆ. ಬಟ್ಟಲು ಕೊಡಲು ಬಂದರೆಂದು ಇಳಿದು ಹೋದೆ. ಅವರು ಕೊಡಲಿಲ್ಲ. ಚಂದ್ರನನ್ನು ಬಹಳ ಹೊತ್ತು ನೋಡಿ, ಅದರ ದಪ್ಪ ನೋಡಿ ದಿನ ಎಣಿಸಬಾರದೆಂದು ನಿಮ್ಮ ಹಜ್ರತ್ ತಾವೇ ಬರೆದಿದ್ದಾರೆ ಎಂದರು. ಹೌದು, ಬರೆದಿದ್ದಾರೆ ಎಂದೆ.

"ನಿನ್ನೆ ಎಲ್ಲಿ ನಿಂತು ನೋಡಿದೆ, ಬೇಟಿ?"

ತೋರಿಸಿದೆ. ಅವರು ಕೋಲೂರಿ ಆ ಮೆಟ್ಟಿಲಿಗೆ ಹತ್ತಿ ಬಂದು, ಬಾಗಿ, ನನ್ನ ಬೆರಳಿನ ನೇರಕ್ಕೆ ಕಣ್ಣಿಟ್ಟು ಮರದ ಎಡಕ್ಕೆ ನೋಡಿದರು. ಇಲ್ಲಿಂದಲೇ ಏನು ಎಂದು ಇನ್ನೊಮ್ಮೆ ಕೇಳಿದರು. ಇಲ್ಲಿಂದಲೇ ಎಂದೆ. ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. ಅವರು ಅದೇ ಮೆಟ್ಟಿಲ ಮೇಲೆ ಕುಳಿತು, ತಟ್ಟೆ ತೆಗೆದು, ನಮ್ಮ ಹಬ್ಬದ ಪಾಯಸದಿಂದ ತಮ್ಮ ಉಪವಾಸ ಬಿಟ್ಟರು. ಎರಡು ಗುಟುಕಿನ ಮೇಲೆ, ನಿನ್ನ ಅಮ್ಮಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ಹೇಳು ಎಂದರು. ಬಟ್ಟಲನ್ನು ಮಾತ್ರ ಬೆರಳಿಂದ ಸುತ್ತ ಬಳಿದು ಖಾಲಿ ಮಾಡಿ ಕೊಟ್ಟರು.